ಎರಡು ವರ್ಷದ ಎಂಎಸ್, ಹತ್ತು ವರ್ಷದ ಕಂತು

ಮಗಳಿಗೆ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್ ಸೀಟು ಸಿಕ್ಕಿದೆ. ಮನೆ ಪತ್ರ ಬ್ಯಾಂಕಿಗೆ ಕೊಟ್ಟು ಐವತ್ತು ಲಕ್ಷ ಸಾಲ ಎತ್ತಬಹುದೇ? ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿರುವ ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಜನವರಿ ಕಳೆದ ಮೇಲೆ ಊಟದ ಹೊತ್ತಿನ ಮಾತು ಇದೇ ಆಗಿರುತ್ತದೆ. ಉತ್ತರ ಸಾಮಾನ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ಹತ್ತು ವರ್ಷದ ಹಿಂದೆ ಹೋಗಿ ಅಲ್ಲೇ ನೆಲೆನಿಂತ ಬಂಧುಗಳಿಂದ. ಇನ್ನೊಂದು, ಹೋಗುವ ಪ್ರತಿ ವಿದ್ಯಾರ್ಥಿಯಿಂದಲೂ ಕಮಿಷನ್ ಸಿಗುವ ಕನ್ಸಲ್ಟೆನ್ಸಿಗಳಿಂದ. ಮೊದಲನೆಯವರ ಅನುಭವ ನಿಜ, ಆದರೆ ಹಳೆಯದು. ಎರಡನೆಯವರ ಸಲಹೆಯಲ್ಲಿ ಅವರ ಲಾಭವೂ ಸೇರಿದೆ.

ಆದ್ದರಿಂದ ಇಡೀ ಪ್ರಶ್ನೆಯನ್ನು ಬುಡದಿಂದ ನೋಡುವುದು ಒಳ್ಳೆಯದು. ಖರ್ಚೆಷ್ಟು, ಸಾಲ ಯಾವ ಷರತ್ತಿನದು, ಗಳಿಕೆಯ ಅಂಕಿಗಳನ್ನು ಎಷ್ಟು ನಂಬಬಹುದು, ಗಳಿಸಲು ಕಾನೂನು ಎಷ್ಟು ಕಾಲ ಕೊಡುತ್ತದೆ, ಇದೇ ಓದಿಗೆ ಬೇರೆ ದಾರಿಗಳಿವೆಯೇ? ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗಿದೆ: ಈ ಸಾಲವನ್ನು ಅಮೆರಿಕದಲ್ಲಿ ಸಿಗಬಹುದಾದ ಸಂಬಳದಿಂದ ಅಳೆಯಬಾರದು, ಊರಿಗೆ ಮರಳಿದರೆ ಸಿಗುವ ಸಂಬಳದಿಂದ ಅಳೆಯಬೇಕು.

ಸಾಲ ಮಾಡಿ ಹೋಗುವ ಕಾಲ

ಹಿಂದಿನ ತಲೆಮಾರು ಅಮೆರಿಕಕ್ಕೆ ಓದಲು ಹೋದದ್ದು ಬಹುಮಟ್ಟಿಗೆ ಅಲ್ಲಿನ ವಿಶ್ವವಿದ್ಯಾಲಯಗಳ ಸಹಾಯಧನದ ಮೇಲೆ. ವಿದೇಶಿ ವಿನಿಮಯದ ಮೇಲಿದ್ದ ಬಿಗಿ ಕಾನೂನಿನಿಂದಾಗಿ ಸ್ವಂತ ದುಡ್ಡಿನಲ್ಲಿ ಹೋಗುವುದು ಶ್ರೀಮಂತರಿಗೂ ಸುಲಭವಿರಲಿಲ್ಲ. ಚಿತ್ರ ಬದಲಾದದ್ದು ಎರಡು ನಿರ್ಧಾರಗಳಿಂದ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಶಿಕ್ಷಣ ಸಾಲದ ಮಾದರಿ ಯೋಜನೆ ರೂಪಿಸಿತು. 2004ರಲ್ಲಿ ರಿಸರ್ವ್ ಬ್ಯಾಂಕ್ ವ್ಯಕ್ತಿಯೊಬ್ಬರು ವರ್ಷಕ್ಕೆ 25,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ಅವಕಾಶ ಕೊಟ್ಟಿತು. ಆ ಮಿತಿ ಈಗ 2,50,000 ಡಾಲರ್. ಸಾಲ ಕೊಡುವವರೂ ಬಂದರು, ದುಡ್ಡು ಹೊರಗೆ ಹೋಗುವ ಬಾಗಿಲೂ ತೆರೆಯಿತು. ಸಹಾಯಧನವಿಲ್ಲದಿದ್ದರೂ ಹೋಗಬಹುದು ಎಂಬ ಕಾಲ ಹೀಗೆ ಶುರುವಾಯಿತು.

2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಆ ವರ್ಷ ಭಾರತ ಚೀನಾವನ್ನು ಹಿಂದಿಕ್ಕಿತು. ಮರುವರ್ಷ ಸಂಖ್ಯೆ 3,63,019ಕ್ಕೆ ಏರಿತು. ಆದರೆ ಈ ಏರಿಕೆಯ ಒಳಗನ್ನು ನೋಡಬೇಕು. 2024-25ರಲ್ಲಿ ಎಂಎಸ್, ಪಿಎಚ್‌ಡಿ ಮಟ್ಟದಲ್ಲಿ ಓದುತ್ತಿದ್ದವರ ಸಂಖ್ಯೆ ಶೇ 10ರಷ್ಟು ಕುಸಿದಿತ್ತು. ಹೆಚ್ಚಾದದ್ದು ಓದು ಮುಗಿಸಿ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯ ಮೇಲಿದ್ದವರು. ಅವರ ಸಂಖ್ಯೆ ಒಂದೇ ವರ್ಷದಲ್ಲಿ 97,556ರಿಂದ 1,43,740ಕ್ಕೆ ಹೋಯಿತು. ಒಳಗೆ ಬರುವವರು ಕಡಿಮೆಯಾಗುತ್ತಿದ್ದಾರೆ, ಕೆಲಸದ ಬಾಗಿಲಲ್ಲಿ ನಿಂತವರು ಹೆಚ್ಚಾಗುತ್ತಿದ್ದಾರೆ. ಇವತ್ತು ಸಾಲಕ್ಕೆ ಸಹಿ ಹಾಕುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಖರ್ಚಿನ ಮೊತ್ತ

ಅಮೆರಿಕದ ಎಂಎಸ್ ಎಂದರೆ ಸಾಮಾನ್ಯವಾಗಿ 30ರ ಆಸುಪಾಸಿನ ಕ್ರೆಡಿಟ್‌ಗಳು, ಸುಮಾರು ಹತ್ತು ವಿಷಯಗಳು, ನಾಲ್ಕು ಸೆಮಿಸ್ಟರ್. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಹೊರಗಿನವರಿಗೆ ಬೇರೆ ದರ. ಬಾಡಿಗೆ, ಊಟ, ಆರೋಗ್ಯ ವಿಮೆ, ವಿಮಾನದ ಟಿಕೆಟ್ ಸೇರಿ ಮಧ್ಯಮ ದರ್ಜೆಯ ಸರ್ಕಾರಿ ವಿಶ್ವವಿದ್ಯಾಲಯದ ಎರಡು ವರ್ಷಕ್ಕೆ 55,000ದಿಂದ 70,000 ಡಾಲರ್ ಬೇಕು. ದೊಡ್ಡ ನಗರದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯವಾದರೆ ಒಂದು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಡಾಲರಿಗೆ 90 ರೂಪಾಯಿ ಹಿಡಿದರೆ ಮೊದಲನೆಯದು 50ರಿಂದ 63 ಲಕ್ಷ, ಎರಡನೆಯದು 90 ಲಕ್ಷದ ಮೇಲೆ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಮೊದಲನೆಯದು ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ. ಅದು ಕೇಳುವುದು ಒಂದು ವರ್ಷದ ಖರ್ಚಿನ ಪುರಾವೆಯನ್ನು. ಕೆಲವು ಕುಟುಂಬಗಳು ಅದನ್ನೇ ಪೂರ್ತಿ ಖರ್ಚೆಂದು ತಿಳಿದು, ಎರಡನೇ ವರ್ಷಕ್ಕೆ ಅವಸರದಲ್ಲಿ ಹೆಚ್ಚು ಬಡ್ಡಿಯ ಸಾಲ ಹುಡುಕುತ್ತವೆ. ಎರಡನೆಯದು ರೂಪಾಯಿ. 2014ರಲ್ಲಿ ಡಾಲರಿಗೆ 60ರ ಆಸುಪಾಸಿದ್ದ ದರ 2025ರ ಡಿಸೆಂಬರಿನಲ್ಲಿ 90 ದಾಟಿತು. ಸಾಲ ಮಂಜೂರಾಗುವುದು ರೂಪಾಯಿಯಲ್ಲಿ, ಶುಲ್ಕ ಕಟ್ಟುವುದು ಡಾಲರಿನಲ್ಲಿ. ನಡುವೆ ರೂಪಾಯಿ ಶೇ 5ರಷ್ಟು ಕುಸಿದರೂ ಎರಡನೇ ವರ್ಷದ ಶುಲ್ಕಕ್ಕೆ ಲಕ್ಷಕ್ಕೂ ಮಿಕ್ಕಿ ಕೊರತೆ ಬೀಳುತ್ತದೆ.

ಅರೆಕಾಲಿಕ ಕೆಲಸದಿಂದ ಶುಲ್ಕ ತುಂಬಿಕೊಳ್ಳಬಹುದು ಎಂಬ ನಂಬಿಕೆಯೂ ಇದೆ. ಎಫ್‌-1 ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅದರಿಂದ ಊಟ, ದಿನಸಿ ಕಳೆಯಬಹುದೇ ಹೊರತು ಶುಲ್ಕ ಹುಟ್ಟುವುದಿಲ್ಲ. ಅನುಮತಿಯಿಲ್ಲದೆ ಹೊರಗೆ ದುಡಿದರೆ ವೀಸಾಕ್ಕೇ ಕುತ್ತು. ಶುಲ್ಕ ಮನ್ನಾ ಮಾಡುವ ಬೋಧನಾ ಸಹಾಯಕ, ಸಂಶೋಧನಾ ಸಹಾಯಕ ಹುದ್ದೆಗಳು ಹೆಚ್ಚಾಗಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಹೋಗುತ್ತವೆ. ನಿಜವಾಗಿ ಕೈಹಿಡಿಯುವುದು ಮೊದಲ ವರ್ಷದ ಬೇಸಿಗೆಯ ಸಂಬಳಸಹಿತ ಇಂಟರ್ನ್‌ಶಿಪ್. ಅದರ ಆಯ್ಕೆ ಶುರುವಾಗುವುದು ಹಿಂದಿನ ಆಗಸ್ಟ್-ಸೆಪ್ಟೆಂಬರಿನಲ್ಲೇ. ಅಂದರೆ ವಿದ್ಯಾರ್ಥಿ ವಿಮಾನ ಇಳಿದು ಬಾಡಿಗೆ ಮನೆ ಹುಡುಕುತ್ತಿರುವ ವಾರಗಳಲ್ಲೇ ಅರ್ಜಿ ಹಾಕಬೇಕು.

ಇನ್ನೊಂದು ಖರ್ಚು ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 6 ಲಕ್ಷದ ಕೆಲಸ ಬಿಟ್ಟು ಹೋದವರು ಎರಡು ವರ್ಷದಲ್ಲಿ 12 ಲಕ್ಷದ ಸಂಬಳ ಬಿಡುತ್ತಾರೆ. ಪದವಿಯ ಬೆಲೆಯಲ್ಲಿ ಅದೂ ಸೇರಬೇಕು.

ಸಾಲದ ಷರತ್ತುಗಳು

ಮಾದರಿ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಅಡಮಾನ ಬೇಕು. ಸಾರ್ವಜನಿಕ ಬ್ಯಾಂಕುಗಳು ಮನೆ, ನಿವೇಶನ ಅಥವಾ ಠೇವಣಿ ಕೇಳುತ್ತವೆ. ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಿ-ಖಾತಾ ಆಸ್ತಿಗೆ, ಭೂಪರಿವರ್ತನೆಯಾಗದ ಜಾಗಕ್ಕೆ ಹಿಂಜರಿಯುತ್ತವೆ. ಹಳ್ಳಿಯಲ್ಲಿ ಹತ್ತು ಎಕರೆ ಇದ್ದೂ ಬ್ಯಾಂಕಿನ ಕಣ್ಣಿಗೆ ಆಸ್ತಿಯಿಲ್ಲದವರಾಗುವ ರೈತ ಕುಟುಂಬಗಳು ಹೀಗಾಗಿಯೇ ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಕಡೆ ತಿರುಗುತ್ತವೆ. ಅಲ್ಲಿ ಅಡಮಾನವಿಲ್ಲದೆಯೂ ಸಾಲ ಸಿಗುತ್ತದೆ, ಆದರೆ ಬಡ್ಡಿ ಹೆಚ್ಚು. ಸಾರ್ವಜನಿಕ ಬ್ಯಾಂಕಿನಲ್ಲಿ ಶೇ 9ರಿಂದ 11ರ ನಡುವೆ ಸಿಗುವ ಸಾಲ ಅಲ್ಲಿ ಶೇ 11ರಿಂದ 14ಕ್ಕೆ ಹೋಗುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ಎಷ್ಟೋ ಸಂಸ್ಥೆಗಳಲ್ಲಿ ಓದುವ ಕಾಲದಲ್ಲೇ ತಿಂಗಳ ಬಡ್ಡಿ ಕಟ್ಟಲು ಶುರುಮಾಡಬೇಕು, ಅದನ್ನು ಕಟ್ಟುವವರು ಅಪ್ಪ ಅಮ್ಮ.

ಸಾರ್ವಜನಿಕ ಬ್ಯಾಂಕಿನಲ್ಲಿ ಓದು ಮುಗಿಯುವವರೆಗೂ, ಆಮೇಲೆ ಇನ್ನೂ ಕೆಲವು ತಿಂಗಳೂ ಕಂತಿಲ್ಲ. ಕಂತಿಲ್ಲ ಎಂದರೆ ಬಡ್ಡಿಯಿಲ್ಲ ಎಂದಲ್ಲ. 50 ಲಕ್ಷ ಸಾಲವನ್ನು ಅರ್ಧ ಮೊದಲ ವರ್ಷದ ಆರಂಭಕ್ಕೆ, ಅರ್ಧ ಎರಡನೇ ವರ್ಷದ ಆರಂಭಕ್ಕೆ ಪಡೆದಿದ್ದೀರಿ, ಬಡ್ಡಿ ಶೇ 11, ಕಂತು ಶುರುವಾಗುವುದು ಎರಡೂವರೆ ವರ್ಷದ ನಂತರ ಎಂದುಕೊಳ್ಳಿ. ಸರಳ ಬಡ್ಡಿಯಲ್ಲೇ 11 ಲಕ್ಷ ಸೇರಿ ಬಾಕಿ 61 ಲಕ್ಷವಾಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 84,000 ರೂಪಾಯಿ. ಒಟ್ಟು ಕಟ್ಟುವುದು ಒಂದು ಕೋಟಿಗೂ ಸ್ವಲ್ಪ ಹೆಚ್ಚು. ಹದಿನೈದು ವರ್ಷಕ್ಕೆ ಎಳೆದರೆ ಕಂತು 69,000ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 1.25 ಕೋಟಿಗೆ ಏರುತ್ತದೆ. ತೆಗೆದುಕೊಂಡದ್ದು ಐವತ್ತು, ಕಟ್ಟುವುದು ನೂರು ಎಂಬ ಈ ಲೆಕ್ಕವನ್ನು ಸಹಿ ಹಾಕುವ ದಿನವೇ ಮನೆಮಂದಿಯೆಲ್ಲ ನೋಡಿರಬೇಕು.

ಕೆಲವು ಸಂಸ್ಥೆಗಳು ಡಾಲರಿನಲ್ಲೇ ಸಾಲ ಕೊಡುತ್ತವೆ, ಸಹಸಾಲಗಾರರನ್ನೂ ಕೇಳುವುದಿಲ್ಲ. ಅಲ್ಲೇ ಕೆಲಸ ಸಿಕ್ಕರೆ ತೊಂದರೆಯಿಲ್ಲ. ವಾಪಸು ಬಂದವರಿಗೆ ಮಾತ್ರ ಸಂಬಳ ರೂಪಾಯಿಯಲ್ಲಿ, ಸಾಲ ಡಾಲರಿನಲ್ಲಿ. ರೂಪಾಯಿ ಇಳಿದಷ್ಟೂ ಬಾಕಿ ಭಾರವಾಗುತ್ತದೆ.

ಸಾಲ ಕಡಿಮೆ ಮಾಡಿಕೊಳ್ಳುವ ದಾರಿಗಳನ್ನು ಹಲವರು ವಿಚಾರಿಸುವುದೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ಕರ್ನಾಟಕ ಸರ್ಕಾರದ ‘ಪ್ರಬುದ್ಧ’ ಯೋಜನೆಯಿದೆ. ಹಲವು ಸಾರ್ವಜನಿಕ ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಅರ್ಧ ಶೇಕಡಾ ರಿಯಾಯಿತಿ ಕೊಡುತ್ತವೆ. ಶಿಕ್ಷಣ ಸಾಲದ ಬಡ್ಡಿಗಿರುವ ಆದಾಯ ತೆರಿಗೆ ವಿನಾಯಿತಿಯ ಬಗ್ಗೆ ಕನ್ಸಲ್ಟೆನ್ಸಿಗಳು ಬಹಳ ಹೇಳುತ್ತವೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ, ಎಂಟು ವರ್ಷ ಮಾತ್ರ, ಭಾರತದಲ್ಲಿ ತೆರಿಗೆ ಕಟ್ಟುತ್ತ ಬಡ್ಡಿ ತೀರಿಸುವವರಿಗೆ ಮಾತ್ರ ಸಿಗುತ್ತದೆ. ಅಮೆರಿಕದಲ್ಲಿ ದುಡಿದು ಕಂತು ಕಟ್ಟುವ ಮಗನಿಗೆ ಅದರಿಂದ ಉಪಯೋಗ ಕಡಿಮೆ.

ಗಳಿಕೆಯ ಅಂಕಿಗಳು

ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಸಾಫ್ಟ್‌ವೇರ್ ಡೆವಲಪರ್‌ಗಳ ಮಧ್ಯಾಂಕ ವಾರ್ಷಿಕ ವೇತನ 1,33,080 ಡಾಲರ್. ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಗಳಿಸುತ್ತಾರೆ, ಅರ್ಧದಷ್ಟು ಜನ ಕಡಿಮೆ. ಪ್ರಚಾರದ ಕರಪತ್ರಗಳಲ್ಲಿ ಇಂಥ ಸಂಖ್ಯೆ ಕಂಡಾಗ ಒಂದು ಮಾತು ನೆನಪಿಡಬೇಕು: ಇಪ್ಪತ್ತು ವರ್ಷ ಅನುಭವವಿರುವವರೂ ಇದರಲ್ಲಿದ್ದಾರೆ, ಕೆಲಸ ಸಿಗದವರು ಇದರಲ್ಲಿಲ್ಲ.

ಹೊಸಬರ ಚಿತ್ರ ಬೇರೆ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಇತ್ತೀಚಿನ ಪದವೀಧರರ ನಿರುದ್ಯೋಗ ಶೇ 6.1, ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರದು ಶೇ 7.5. ಎಲ್ಲ ವಿಷಯಗಳ ಹೊಸ ಪದವೀಧರರ ಸರಾಸರಿಗಿಂತ ಇದು ಹೆಚ್ಚು. ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಸಂಬಳ ಪಟ್ಟಿಗಳ ಆಧಾರದಲ್ಲಿ 2025ರ ಆಗಸ್ಟಿನಲ್ಲಿ ಹೊರತಂದ ಅಧ್ಯಯನ ಇನ್ನೂ ಗಂಭೀರ. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯ ಶಿಖರದಿಂದ ಸುಮಾರು ಶೇ 20 ಕುಸಿದಿದೆ, ಹಿರಿಯರ ಉದ್ಯೋಗ ಕುಸಿದಿಲ್ಲ ಎಂದು ಅದು ತೋರಿಸಿತು. ಕೃತಕ ಬುದ್ಧಿಮತ್ತೆ ಮೊದಲು ಮಾಡಿ ಮುಗಿಸುತ್ತಿರುವುದು ಹೊಸಬರಿಗೆ ಕೊಡುತ್ತಿದ್ದ ಕೆಲಸವನ್ನೇ.

ಕಾರಣ ಅದೊಂದೇ ಅಲ್ಲ. ಕೋವಿಡ್ ಕಾಲದಲ್ಲಿ ಕಂಪನಿಗಳು ಅತಿಯಾಗಿ ನೇಮಿಸಿಕೊಂಡಿದ್ದವು. 2022ರಲ್ಲಿ ಬಡ್ಡಿದರ ಏರಿತು. ಅದೇ ವರ್ಷದಿಂದ ಸಂಶೋಧನೆ, ಅಭಿವೃದ್ಧಿಯ ವೆಚ್ಚವನ್ನು ಆಯಾ ವರ್ಷದ ಆದಾಯದಲ್ಲೇ ಪೂರ್ತಿ ಕಳೆಯುವ ಅವಕಾಶವನ್ನು ಅಮೆರಿಕದ ತೆರಿಗೆ ಕಾನೂನು ತೆಗೆದುಹಾಕಿತ್ತು, ಅದು ಮರಳಿದ್ದು 2025ರಲ್ಲಿ. 2022ರ ನವೆಂಬರಿನಲ್ಲಿ ಮೆಟಾ 11,000, 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಹುದ್ದೆಗಳ ಕಡಿತ ಘೋಷಿಸಿದವು. 2025ರ ಅಕ್ಟೋಬರಿನಲ್ಲಿ ಅಮೆಜಾನ್ ಮತ್ತೆ 14,000 ಹುದ್ದೆ ತೆಗೆಯಿತು. ಹೀಗೆ ಹೊರಬಿದ್ದ ಅನುಭವಸ್ಥರೂ ಹೊಸ ಎಂಎಸ್ ಪದವೀಧರರೂ ಈಗ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಕೊರತೆ ನಮ್ಮ ಮಕ್ಕಳ ಬಗ್ಗೆಯೇ ಅಂಕಿಗಳಿಲ್ಲದಿರುವುದು. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸ್ ಓದಿದವರು ಎಷ್ಟು ಗಳಿಸುತ್ತಾರೆ, ಎಷ್ಟು ಸಾಲ ಹೊತ್ತಿದ್ದಾರೆ ಎಂಬುದನ್ನು ಅಮೆರಿಕ ಸರ್ಕಾರ ‘ಕಾಲೇಜ್ ಸ್ಕೋರ್‌ಕಾರ್ಡ್’ನಲ್ಲಿ ಪ್ರಕಟಿಸುತ್ತದೆ. ಓದಿದವರ ಗಳಿಕೆ ತೀರಾ ಕಡಿಮೆಯಿರುವ ಕೋರ್ಸ್‌ಗಳಿಗೆ ಸರ್ಕಾರಿ ಸಾಲವನ್ನೇ ನಿಲ್ಲಿಸುವ ಕಾನೂನನ್ನು 2025ರಲ್ಲಿ ಮಾಡಿದೆ. ಸಾಲವನ್ನೂ ಗಳಿಕೆಯನ್ನೂ ಜೊತೆಗಿಟ್ಟು ತೂಗುವ ಕೆಲಸ ಅಲ್ಲಿ ಸರ್ಕಾರವೇ ಮಾಡುತ್ತಿದೆ. ಆದರೆ ಆ ಅಂಕಿಗಳು ಸರ್ಕಾರದ ನೆರವು ಪಡೆದ ವಿದ್ಯಾರ್ಥಿಗಳದು ಮಾತ್ರ. ಕೊಪ್ಪಳದಿಂದಲೋ ತುಮಕೂರಿನಿಂದಲೋ ಹೋದವರು ಅದರಲ್ಲಿ ಇಲ್ಲ. ವಿಶ್ವವಿದ್ಯಾಲಯಗಳು ಪ್ರಕಟಿಸುವ ಉದ್ಯೋಗ ವರದಿಗಳು ಉತ್ತರ ಕೊಟ್ಟವರ ಮೇಲೆ ನಿಂತಿವೆ. ಕೆಲಸ ಸಿಗದೆ ಸುಮ್ಮನಾದವರು ಅಲ್ಲಿಯೂ ಕಾಣುವುದಿಲ್ಲ.

ಗಳಿಸಲು ಇರುವ ಕಾಲ

ಅಮೆರಿಕದ ಪ್ರಜೆಗೆ ಎಂಎಸ್‌ನಿಂದ ಬರುವ ಗಳಿಕೆ ಜೀವಮಾನದ್ದು. ನಮ್ಮವರ ಗಳಿಕೆಗೆ ವೀಸಾ ಗಡುವು ಹಾಕುತ್ತದೆ. ಸಾಲದ ತೂಕ ನಿರ್ಧಾರವಾಗುವುದು ಹೆಚ್ಚಾಗಿ ಇಲ್ಲೇ.

ಪದವಿಯ ನಂತರ ಒಪಿಟಿ 12 ತಿಂಗಳು. ಕಂಪ್ಯೂಟರ್ ಸೈನ್ಸ್‌ನಂಥ ವಿಷಯಗಳಿಗೆ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ, ಒಟ್ಟು 36. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ವಿಸ್ತರಣೆಗೆ ಕೆಲಸ ಕೊಡುವ ಕಂಪನಿ ಸರ್ಕಾರದ ಇ-ವೆರಿಫೈ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಒಪಿಟಿ ಅಮೆರಿಕದ ಸಂಸತ್ತು ಬರೆದ ಹಕ್ಕಲ್ಲ, ಆಡಳಿತ ಮಾಡಿದ ನಿಯಮ. ನ್ಯಾಯಾಲಯ 2022ರಲ್ಲಿ ಅದನ್ನು ಎತ್ತಿಹಿಡಿದಿದೆ. ಹಾಗಿದ್ದರೂ ನಿಯಮ ಮಾಡಿದ ಆಡಳಿತ ಅದನ್ನು ಬದಲಿಸಲೂಬಹುದು.

ಮೂರು ವರ್ಷ ಮೀರಿ ಉಳಿಯಲು ಎಚ್‌-1ಬಿ ಉದ್ಯೋಗ ವೀಸಾ ಬೇಕು. ವರ್ಷಕ್ಕೆ 65,000, ಅಮೆರಿಕದ ಸರ್ಕಾರಿ ಅಥವಾ ಲಾಭರಹಿತ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000. ಅರ್ಜಿ ಹೆಚ್ಚಿರುವುದರಿಂದ ಲಾಟರಿ. 2026ರ ಹಣಕಾಸು ವರ್ಷಕ್ಕೆ ಅರ್ಹ ನೋಂದಣಿಗಳು 3,43,981, ಆಯ್ಕೆಯಾದವು 1,20,141, ಅಂದರೆ ಶೇ 35. ಪ್ರತಿ ಸಲವೂ ಇದೇ ಸಾಧ್ಯತೆ ಇದ್ದರೆ, ಮೂರು ಸಲ ಯತ್ನಿಸಿದರೂ ನೂರಕ್ಕೆ 27 ಜನ ಬರಿಗೈಯಲ್ಲಿ ಉಳಿಯುತ್ತಾರೆ. ಎರಡು ವರ್ಷ ಹಿಂದೆ ಆಯ್ಕೆ ಶೇ 25ರಷ್ಟಿತ್ತು. ಆ ದರದಲ್ಲಿ ಬರಿಗೈಯವರು 42.

ಈಗ ಲಾಟರಿಯ ರೀತಿಯೂ ಬದಲಾಗಿದೆ. 2026ರ ಫೆಬ್ರವರಿಯಿಂದ ಜಾರಿಯಾದ ನಿಯಮದಂತೆ ಸಂಬಳದ ಹಂತಕ್ಕೆ ತಕ್ಕಂತೆ ಅವಕಾಶ. ಅತಿ ಹೆಚ್ಚು ಸಂಬಳದ ನಾಲ್ಕನೇ ಹಂತದವರ ಹೆಸರು ನಾಲ್ಕು ಸಲ, ಮೊದಲ ಹಂತದವರ ಹೆಸರು ಒಂದೇ ಸಲ ಸೇರುತ್ತದೆ. ಹೊಸ ಪದವೀಧರರು ಸಾಮಾನ್ಯವಾಗಿ ಇರುವುದು ಮೊದಲೆರಡು ಹಂತಗಳಲ್ಲಿ. ಹಂತ ಊರಿನ ಮೇಲೂ ನಿಂತಿದೆ: ಕಡಿಮೆ ಖರ್ಚಿನ ಊರಿನಲ್ಲಿ ಎರಡನೇ ಹಂತಕ್ಕೆ ಸಲ್ಲುವ ಸಂಬಳ ಸ್ಯಾನ್ ಹೋಸೆಯಂಥ ದುಬಾರಿ ಊರಿನಲ್ಲಿ ಮೊದಲ ಹಂತದಲ್ಲೇ ಉಳಿದೀತು. ಇನ್ನು ಮುಂದೆ ಕೆಲಸ ಒಪ್ಪಿಕೊಳ್ಳುವಾಗ ಈ ಲೆಕ್ಕವನ್ನೂ ಹಾಕಬೇಕು.

2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ನಮ್ಮಲ್ಲಿ ಗಾಬರಿ ಹುಟ್ಟಿತು. ಅಮೆರಿಕದಲ್ಲೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಗುವವರಿಗೆ ಇದು ಅನ್ವಯಿಸದು ಎಂದು ಅಕ್ಟೋಬರಿನಲ್ಲಿ ಸ್ಪಷ್ಟನೆ ಬಂತು. ಇದರ ಫಲ ಎರಡು ಬಗೆಯದು. ಬೆಂಗಳೂರಿನಿಂದ ನೇರ ನೇಮಕವಾಗುವವರಿಗಿಂತ ಅಲ್ಲೇ ಓದಿದವರ ಬೆಲೆ ಹೆಚ್ಚಿತು. ಆದರೆ ಒಮ್ಮೆ ವಾಪಸು ಬಂದವರಿಗೆ ಮತ್ತೆ ಹೋಗುವ ದಾರಿ ಬಹುಪಾಲು ಮುಚ್ಚಿತು. ಎಚ್‌-1ಬಿ ಸಿಕ್ಕ ಮೇಲೂ ಕೆಲಸ ಹೋದರೆ ಇನ್ನೊಂದು ಹುಡುಕಲು ಇರುವುದು 60 ದಿನ.

ಮೂರು ಲೆಕ್ಕ

ಮೇಲಿನ 50 ಲಕ್ಷದ ಸಾಲವನ್ನೇ ಮುಂದಿಟ್ಟುಕೊಂಡು ಮೂರು ಸಾಧ್ಯತೆ ನೋಡೋಣ. ಕಂತು ಶುರುವಾಗುವಾಗ ಬಾಕಿ 61 ಲಕ್ಷ.

ಮೊದಲನೆಯದು, ಪದವಿ ಮುಗಿದ ಮೂರು ತಿಂಗಳೊಳಗೆ ಒಂದು ಲಕ್ಷ ಡಾಲರ್ ಸಂಬಳದ ಕೆಲಸ. ಎಫ್‌-1ನಲ್ಲಿರುವವರು ಮೊದಲ ಐದು ವರ್ಷ ಸಾಮಾನ್ಯವಾಗಿ ಅಲ್ಲಿನ ಸಾಮಾಜಿಕ ಭದ್ರತೆ, ಮೆಡಿಕೇರ್ ತೆರಿಗೆ ಕಟ್ಟಬೇಕಿಲ್ಲ, ಅದರಿಂದ ಶೇ 7.65 ಉಳಿಯುತ್ತದೆ. ಉಳಿದ ತೆರಿಗೆ ಕಳೆದು ತಿಂಗಳಿಗೆ ಸುಮಾರು 7,000 ಡಾಲರ್ ಕೈಗೆ ಬರುತ್ತದೆ. ಸ್ನೇಹಿತರೊಡನೆ ಮನೆ ಹಂಚಿಕೊಂಡು ಹಿಡಿತದಲ್ಲಿದ್ದರೆ 3,500 ಡಾಲರ್, ಅಂದರೆ 3 ಲಕ್ಷ ರೂಪಾಯಿ ದಾಟಿ ಉಳಿಸಬಹುದು. ಅಷ್ಟನ್ನೂ ಸಾಲಕ್ಕೆ ಹಾಕಿದರೆ 22 ತಿಂಗಳಲ್ಲಿ ಸಾಲ ತೀರುತ್ತದೆ. ಹತ್ತು ವರ್ಷದ ಕಂತನ್ನು ಎರಡೇ ವರ್ಷದಲ್ಲಿ ಮುಗಿಸುವ ಈ ಶಕ್ತಿ ಬೇರೆ ಯಾವ ಓದಿಗೂ ಸುಲಭವಾಗಿ ಇಲ್ಲ. ನಮ್ಮ ಜನ ಅಮೆರಿಕದ ಎಂಎಸ್ ನಂಬಿದ್ದಕ್ಕೆ ಬಲವಾದ ಕಾರಣವಿದೆ.

ಎರಡನೆಯದು, 70,000 ಡಾಲರಿನ ಕೆಲಸ. ಉಳಿಯುವುದು ತಿಂಗಳಿಗೆ 2,300 ಡಾಲರ್, ಸುಮಾರು 2 ಲಕ್ಷ ರೂಪಾಯಿ. ಸಾಲ ತೀರಲು 34-35 ತಿಂಗಳು ಬೇಕು. ಒಪಿಟಿಯ ಅವಧಿ ಪೂರ್ತಿ ಇದಕ್ಕೇ ಸರಿಹೋಗುತ್ತದೆ. ಕೆಲಸ ಸಿಗುವುದು ಎರಡು ತಿಂಗಳು ತಡವಾದರೂ, ನಡುವೆ ಒಮ್ಮೆ ಕೆಲಸ ಹೋದರೂ ಲೆಕ್ಕ ಮುರಿಯುತ್ತದೆ.

ಮೂರನೆಯದು, ಕೆಲಸ ಸಿಗದೆ ಬೆಂಗಳೂರಿಗೆ ಮರಳುವುದು. ವರ್ಷಕ್ಕೆ 12 ಲಕ್ಷದ ಕೆಲಸ ಸಿಕ್ಕರೂ ಕೈಗೆ ಬರುವುದು ತಿಂಗಳಿಗೆ ಸುಮಾರು 90,000. ಕಂತು 84,000. ಉಳಿದ 6,000ದಲ್ಲಿ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಯೂ ಹುಟ್ಟುವುದಿಲ್ಲ. ಕಂತು ತಪ್ಪಿದರೆ ಬ್ಯಾಂಕು ಹುಡುಕಿಕೊಂಡು ಬರುವುದು ಸಹಸಾಲಗಾರರಾದ ತಂದೆತಾಯಿಯನ್ನು. 2002ರ ಸರ್ಫೇಸಿ ಕಾಯ್ದೆಯ ಅಡಿ ಅಡಮಾನವಿಟ್ಟ ಮನೆಯನ್ನು ನ್ಯಾಯಾಲಯದ ದಾವೆಯಿಲ್ಲದೆಯೇ ವಶಕ್ಕೆ ಪಡೆಯುವ ಅಧಿಕಾರ ಬ್ಯಾಂಕಿಗಿದೆ. ನಿವೃತ್ತಿಯ ಅಂಚಿನಲ್ಲಿರುವ ಶಿಕ್ಷಕರ, ಗುಮಾಸ್ತರ ಮನೆಗಳಿಗೆ ಇದು ಕಾಗದದ ಮೇಲಿನ ಮಾತಲ್ಲ. ಇಂಥ ಮನೆಗಳ ಮಕ್ಕಳು ಅಲ್ಲಿ ಎಷ್ಟು ಆತಂಕ ಹೊತ್ತು ಬದುಕುತ್ತಾರೆ, ಸಿಕ್ಕ ಕೆಲಸವನ್ನು ಎಂಥ ಷರತ್ತಿಗೂ ಒಪ್ಪಿಕೊಳ್ಳುವ ಒತ್ತಡದಲ್ಲಿರುತ್ತಾರೆ ಎಂಬುದನ್ನೂ ಯೋಚಿಸಬೇಕು.

ಮೂರನೆಯ ಸ್ಥಿತಿ ಎಲ್ಲರಿಗೂ ಬರುವುದಿಲ್ಲ. ಆದರೆ ಅದು ಓದುವವರ ಬುದ್ಧಿವಂತಿಕೆಯನ್ನಷ್ಟೇ ಅವಲಂಬಿಸಿಲ್ಲ. ಮಾರುಕಟ್ಟೆಯ ಮಂದಗತಿ, ನಿಯಮದ ಬದಲಾವಣೆ, ಲಾಟರಿ ಇವು ಯಾವ ವಿದ್ಯಾರ್ಥಿಯ ಕೈಯಲ್ಲೂ ಇಲ್ಲ.

ಇದೇ ಓದಿಗೆ ಬೇರೆ ದಾರಿ

ಎರಡು ವರ್ಷದ ಕಂಪ್ಯೂಟರ್ ಸೈನ್ಸ್ ಪದವಿ ಅಮೆರಿಕದಲ್ಲಿ ಮಾತ್ರ ಸಿಗುವುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂಟೆಕ್‌ಗೆ ಗೇಟ್ ಪರೀಕ್ಷೆಯ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಎರಡು ವರ್ಷಕ್ಕೆ ಸುಮಾರು 3 ಲಕ್ಷ ಕೈಗೇ ಬಂತು. ಸೀಟು ಕಡಿಮೆ, ಸ್ಪರ್ಧೆ ಬಹಳ. ಆದರೆ ಅಮೆರಿಕದ ಅರ್ಜಿಗಳಿಗೆ ಕೊಡುವ ಒಂದು ವರ್ಷವನ್ನು ಗೇಟ್ ತಯಾರಿಗೆ ಕೊಡುವುದು ಲಾಭದ ಮಾತು.

ಎಂಸಿಎ 2020-21ರಿಂದ ಎರಡು ವರ್ಷದ ಕೋರ್ಸ್ ಆಗಿದೆ. ಬಿಸಿಎ, ಬಿಎಸ್ಸಿ ಮುಗಿಸಿದವರು ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಸರ್ಕಾರಿ ಕೋಟಾದಲ್ಲಿ ಸೀಟು ಪಡೆದರೆ ಇಡೀ ಓದಿನ ಖರ್ಚು ಅಮೆರಿಕದ ಒಂದು ಸೆಮಿಸ್ಟರಿನ ಬಾಡಿಗೆಯ ಮಟ್ಟದಲ್ಲೇ ಉಳಿಯುತ್ತದೆ. ಇದರ ತೊಂದರೆ ಇನ್ನೊಂದು ಬದಿಯದು. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಸಾಲ ಇಲ್ಲ, ಗಳಿಕೆಯೂ ನಿಧಾನ. ದೇಶದೊಳಗಿನ ಓದಿಗೆ ಸಾಲ ಬೇಕಾದವರಿಗೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಿದೆ. ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವ, ಕುಟುಂಬದ ಆದಾಯ 8 ಲಕ್ಷದೊಳಗಿರುವ ವಿದ್ಯಾರ್ಥಿಗಳ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ಸಹಾಯಧನ ಸಿಗುತ್ತದೆ.

ಹೊರದೇಶವೇ ಬೇಕೆಂದರೆ ಜರ್ಮನಿಯಿದೆ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡನ್-ವುರ್ಟೆಂಬರ್ಗ್ ರಾಜ್ಯ ಸೆಮಿಸ್ಟರಿಗೆ 1,500 ಯೂರೊ ಕೇಳುತ್ತದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಯೂರೋಪಿನ ಹೊರಗಿನವರಿಂದ ಶುಲ್ಕ ಪಡೆಯುತ್ತದೆ. ಜೀವನ ವೆಚ್ಚಕ್ಕೆ ವರ್ಷಕ್ಕೆ 11,904 ಯೂರೊ ಖಾತೆಯಲ್ಲಿ ತೋರಿಸಬೇಕು. ಎರಡು ವರ್ಷಕ್ಕೆ 25 ಲಕ್ಷ ರೂಪಾಯಿಯ ಆಸುಪಾಸು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಲಾಟರಿಯಿಲ್ಲ. ಸಂಬಳ ಅಮೆರಿಕದಷ್ಟಿಲ್ಲ, ತೆರಿಗೆ ಹೆಚ್ಚು, ಜರ್ಮನ್ ಕಲಿಯದೆ ಕೆಲಸ ಕಷ್ಟ. ಸಾಲ ಅರ್ಧಕ್ಕೆ ಇಳಿಯುವುದರಿಂದ ಬೀಳುವ ಭಯವೂ ಅರ್ಧಕ್ಕೆ ಇಳಿಯುತ್ತದೆ.

ಈಗಾಗಲೇ ಕೆಲಸದಲ್ಲಿದ್ದು ಜ್ಞಾನ, ಪದವಿ ಎರಡೂ ಬೇಕೆನ್ನುವವರಿಗೆ ಜಾರ್ಜಿಯಾ ಟೆಕ್ 2014ರಲ್ಲಿ ಆರಂಭಿಸಿದ ಆನ್‌ಲೈನ್ ಎಂಎಸ್ ಇದೆ. ಇಡೀ ಪದವಿಯ ಶುಲ್ಕ ಸುಮಾರು 7,000 ಡಾಲರ್. ಸಂಬಳ ಬಿಡಬೇಕಿಲ್ಲ. ಅದು ವೀಸಾ ಕೊಡುವುದಿಲ್ಲ, ಒಪಿಟಿ ಕೊಡುವುದಿಲ್ಲ. ಕ್ಯಾಂಪಸ್ಸಿನ ಎಂಎಸ್‌ಗೆ ಕೊಡುವ ಐವತ್ತು ಲಕ್ಷದಲ್ಲಿ ಓದಿನ ಬೆಲೆ ಎಷ್ಟು, ಅಮೆರಿಕದಲ್ಲಿ ಮೂರು ವರ್ಷ ದುಡಿಯುವ ಅನುಮತಿಯ ಬೆಲೆ ಎಷ್ಟು ಎಂಬುದನ್ನು ಈ ಎರಡು ಶುಲ್ಕಗಳ ನಡುವಿನ ಅಂತರ ತೋರಿಸಿಕೊಡುತ್ತದೆ. ನಾವು ಹೆಚ್ಚು ದುಡ್ಡು ಕೊಡುತ್ತಿರುವುದು ಅನುಮತಿಗೆ. ಆ ಅನುಮತಿಯೇ ಈಗ ಅಲುಗಾಡುತ್ತಿದೆ.

ಎಷ್ಟು ಸಾಲ ಸಲ್ಲುತ್ತದೆ?

ನನ್ನ ಅಳತೆ ಇದು. ಮರಳಿ ಬಂದರೆ ಸಿಗಬಹುದಾದ ಸಂಬಳವನ್ನು ಉತ್ಪ್ರೇಕ್ಷೆಯಿಲ್ಲದೆ ಅಂದಾಜು ಮಾಡಿ. ಕೈಗೆ ಬರುವ ಮೊತ್ತದ ಮೂರನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾಗಬಾರದು, ಹತ್ತು ವರ್ಷದಲ್ಲಿ ಸಾಲ ತೀರಬೇಕು. ವರ್ಷಕ್ಕೆ 15 ಲಕ್ಷ ಸಿಗಬಹುದೆಂದರೆ ಕೈಗೆ ತಿಂಗಳಿಗೆ ಸುಮಾರು 1.05 ಲಕ್ಷ, ಕಂತಿಗೆ 35,000. ಶೇ 11ರ ಬಡ್ಡಿಯಲ್ಲಿ ಅದು ಹೊರಬಲ್ಲ ಸಾಲ 21 ಲಕ್ಷ. ಐವತ್ತು ಲಕ್ಷದ ಸಾಲ ಇದೇ ಅಳತೆಗೆ ಸಲ್ಲಬೇಕಾದರೆ ಊರಲ್ಲಿ ವರ್ಷಕ್ಕೆ 40 ಲಕ್ಷದ ಕೆಲಸ ಕಾದಿರಬೇಕು.

21 ಲಕ್ಷ ಮೀರಿದ ಪ್ರತಿ ಲಕ್ಷವೂ ಪಣ. ಪಣ ಇಡಲೇಬಾರದು ಎನ್ನುತ್ತಿಲ್ಲ. ಎರಡು ಮೂರು ವರ್ಷ ಒಳ್ಳೆಯ ಕೆಲಸದ ಅನುಭವವಿರುವವರು, ಸಹಾಯಧನ ಪಡೆದವರು, ಕುಟುಂಬದ ಉಳಿತಾಯದಿಂದ ಅರ್ಧ ಖರ್ಚು ತುಂಬಬಲ್ಲವರು, ಇರುವ ಒಂದೇ ಮನೆಯನ್ನು ಅಡವಿಡದವರು ಈ ಪಣವನ್ನು ತಿಳಿದೇ ಇಡಬಹುದು. ಗೆದ್ದವರ ಬದುಕು ನಿಜಕ್ಕೂ ಬದಲಾಗುತ್ತದೆ. ಅನುಭವವಿಲ್ಲದೆ, ಹೆಸರಿಲ್ಲದ ವಿಶ್ವವಿದ್ಯಾಲಯಕ್ಕೆ, ಶೇ 13ರ ಬಡ್ಡಿಯಲ್ಲಿ, ಅಪ್ಪ ಅಮ್ಮನ ಏಕೈಕ ಮನೆಯ ಮೇಲೆ ಐವತ್ತು ಲಕ್ಷ ಎತ್ತುವುದು ಈ ಹೊತ್ತಿನಲ್ಲಿ ಸರಿಯಲ್ಲ. ಇಷ್ಟು ಖಚಿತವಾಗಿ ಹೇಳಲು ಈಗಿರುವ ಅಂಕಿಗಳು ಸಾಕು.

ಸರ್ಕಾರ ಮಾಡಬೇಕಾದದ್ದೂ ಇದೆ. ವಿದೇಶ ಶಿಕ್ಷಣ ಸಾಲ ಕೊಡುವ ಬ್ಯಾಂಕುಗಳ ಬಳಿ ಯಾವ ವಿಶ್ವವಿದ್ಯಾಲಯಕ್ಕೆ ಹೋದವರು ಸರಿಯಾಗಿ ಕಂತು ಕಟ್ಟುತ್ತಿದ್ದಾರೆ, ಯಾರ ಸಾಲ ಕೆಟ್ಟಿದೆ ಎಂಬ ಪೂರ್ತಿ ಮಾಹಿತಿ ಇದೆ. ಹೆಸರುಗಳನ್ನು ಬಿಟ್ಟು, ವಿಶ್ವವಿದ್ಯಾಲಯವಾರು ಅದನ್ನು ಪ್ರತಿವರ್ಷ ಪ್ರಕಟಿಸುವಂತೆ ರಿಸರ್ವ್ ಬ್ಯಾಂಕ್ ಆದೇಶಿಸಬೇಕು. ಕಮಿಷನ್ ಪಡೆಯುವ ಕನ್ಸಲ್ಟೆನ್ಸಿಗಳು ಯಾವ ವಿಶ್ವವಿದ್ಯಾಲಯದಿಂದ, ಯಾವ ಸಾಲ ಸಂಸ್ಥೆಯಿಂದ ಎಷ್ಟು ಪಡೆಯುತ್ತೇವೆಂದು ವಿದ್ಯಾರ್ಥಿಗೆ ಬರೆದು ಕೊಡುವುದನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ಲೆಕ್ಕ ಹಾಕುವ ಕೆಲಸ ನಮ್ಮದೇ. ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಓದುವವರೂ ಹೆತ್ತವರೂ ಒಟ್ಟಿಗೆ ಕೂತು ಒಂದು ಹಾಳೆಯ ಮೇಲೆ ಮೂರೂ ಲೆಕ್ಕಗಳನ್ನು ನಿಮ್ಮ ಮೊತ್ತ, ನಿಮ್ಮ ಬಡ್ಡಿದರ ಹಾಕಿ ಬರೆಯಿರಿ. ಮೂರನೆಯ ಲೆಕ್ಕದಲ್ಲೂ ಮನೆ ಉಳಿಯುವುದಾದರೆ ಮಕ್ಕಳನ್ನು ಧೈರ್ಯವಾಗಿ ಕಳಿಸಿ. ಉಳಿಯುವುದಿಲ್ಲವಾದರೆ ಸಾಲದ ಮೊತ್ತ ಇಳಿಸಿ, ಇಲ್ಲವೇ ದಾರಿ ಬದಲಿಸಿ.